ಪಟಾಕಿಯಿಂದ ಗಾಯವಾದರೆ ಹೊಣೆ ಯಾರದು, ಪರಿಹಾರ ಪಡೆಯುವುದು ಹೇಗೆ?

ದೀಪಾವಳಿ ಮುಗಿದ ಮೇಲೆ ಓದುಗರಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತದೆ. ಎದುರುಮನೆಯವರು ಬಿಟ್ಟ ರಾಕೆಟ್ ಮಗನ ಕಣ್ಣಿಗೆ ಬಡಿಯಿತು, ಯಾರನ್ನು ಕೇಳುವುದು? ಹೂಕುಂಡ ಹಚ್ಚಿದ ಕೂಡಲೇ ಸಿಡಿದು ಕೈ ಸುಟ್ಟಿತು, ಅಂಗಡಿಯವರು ಜವಾಬ್ದಾರರೇ? ಜಾತ್ರೆಯಲ್ಲಿ ಮದ್ದು ಸುಡುವಾಗ ಕಿಡಿ ಹಾರಿ ಮೈ ಸುಟ್ಟರೆ ಸಮಿತಿಯವರು ಪರಿಹಾರ ಕೊಡಬೇಕೇ?

ಕೇಳುವ ಹೊತ್ತಿಗೆ ಅನೇಕರಿಗೆ ತಿಂಗಳೆರಡು ಕಳೆದಿರುತ್ತದೆ. ಪಟಾಕಿಯ ಡಬ್ಬಿ ಕಸದ ಗಾಡಿ ಸೇರಿರುತ್ತದೆ, ಸಿಸಿಟಿವಿ ದೃಶ್ಯ ಅಳಿಸಿಹೋಗಿರುತ್ತದೆ, ಆಸ್ಪತ್ರೆ ಚೀಟಿಯಲ್ಲಿ ‘ಸುಟ್ಟ ಗಾಯ’ ಎಂಬ ಎರಡೇ ಪದ ಇರುತ್ತವೆ. ಕಾನೂನು ಅವರ ಪರವಾಗಿದ್ದರೂ ತೋರಿಸಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಪಟಾಕಿ ಪ್ರಕರಣಗಳು ಸೋಲುವುದು ಹೆಚ್ಚಾಗಿ ನ್ಯಾಯಾಲಯದಲ್ಲಲ್ಲ, ಮೊದಲ ವಾರದಲ್ಲಿ ಮನೆಯಲ್ಲೇ. ಆದ್ದರಿಂದ ಇಲ್ಲಿ ಮೊದಲ ಮೂರು ಹಂತಗಳನ್ನು ಬಿಡಿಸಿ ಹೇಳಿದೆ. ದಯವಿಟ್ಟು ಅವನ್ನು ಹಾರಿಸಬೇಡಿ.

ಹಂತ 1: ಚಿಕಿತ್ಸೆ, ಜೊತೆಗೇ ಎಂಎಲ್‌ಸಿ

ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿ ನೀರು ಹರಿಯಲು ಬಿಡಿ. ಐಸ್, ಟೂತ್‌ಪೇಸ್ಟ್, ಅರಿಸಿನ ಬೇಡ. ಕಣ್ಣಿಗೆ ಚೂರು ಹೊಕ್ಕಿದ್ದರೆ ಉಜ್ಜಬೇಡಿ, ಒತ್ತಬೇಡಿ, ಕೀಳಲು ಹೋಗಬೇಡಿ. ಕಣ್ಣಿಗೆ ತಾಗದಂತೆ ಕಾಗದದ ಲೋಟವೊಂದನ್ನು ಮೇಲೆ ಮುಚ್ಚಿ ಟೇಪ್ ಹಾಕಿ ನೇರವಾಗಿ ಕಣ್ಣಾಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನಲ್ಲಾದರೆ ಕಣ್ಣಿಗೆ ಮಿಂಟೋ, ಸುಟ್ಟ ಗಾಯಕ್ಕೆ ವಿಕ್ಟೋರಿಯಾ ಸರ್ಕಾರಿ ಆಸ್ಪತ್ರೆಗಳಿವೆ. ಬೇರೆ ಊರಿನಲ್ಲಿ ಜಿಲ್ಲಾಸ್ಪತ್ರೆಗೆ ಹೋಗಿ.

ತುರ್ತು ವಿಭಾಗದಲ್ಲಿ ‘ಇದನ್ನು ಎಂಎಲ್‌ಸಿ ಮಾಡಿ’ ಎಂದು ಕೇಳಿ. ಎಂಎಲ್‌ಸಿ ಎಂದರೆ ಗಾಯಕ್ಕೆ ಇನ್ನೊಬ್ಬರ ಕೃತ್ಯವೋ ಅಪಘಾತವೋ ಕಾರಣವಿರಬಹುದು ಎಂದಾಗ ವೈದ್ಯರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಪೊಲೀಸರಿಗೆ ತಿಳಿಸುವ ದಾಖಲೆ. ‘ಹೇಗಾಯಿತು’ ಎಂದು ವೈದ್ಯರು ಕೇಳಿದಾಗ ನೀವು ಹೇಳುವ ಎರಡು ಸಾಲಿಗೆ ಮುಂದೆ ಬಹಳ ತೂಕ ಬರುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಯಾರ ತಲೆಯಲ್ಲೂ ಕೇಸಿನ ಯೋಚನೆ ಇರುವುದಿಲ್ಲ. ‘ಪಟಾಕಿಯಿಂದ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಯಾವ ಪಟಾಕಿ, ಯಾರು ಹಚ್ಚಿದ್ದು, ಎಲ್ಲಿ, ಎಷ್ಟು ಗಂಟೆಗೆ, ಗಾಯಗೊಂಡವರು ಎಷ್ಟು ದೂರದಲ್ಲಿದ್ದರು, ಇಷ್ಟನ್ನೂ ಬರೆಸಿ.

ಇಲ್ಲಿ ಆಗುವ ದೊಡ್ಡ ತಪ್ಪೊಂದಿದೆ. ನೆರೆಯವರ ಮೇಲಿನ ದಾಕ್ಷಿಣ್ಯಕ್ಕೋ ಪೊಲೀಸ್ ಗೊಡವೆ ಬೇಡವೆಂದೋ ‘ನಾನೇ ಹಚ್ಚುವಾಗ ಆಯಿತು’ ಎಂದು ಬರೆಸುತ್ತಾರೆ. ಎರಡು ವಾರದ ನಂತರ ಖರ್ಚು ಲಕ್ಷ ದಾಟಿದಾಗ ನಿಜ ಹೇಳಿದರೆ, ಎದುರು ಪಕ್ಷದ ವಕೀಲರು ಮೊದಲು ಎತ್ತಿ ತೋರಿಸುವುದೇ ಆ ಸಾಲನ್ನು.

ಬಿಡುಗಡೆಯ ದಿನ ಡಿಸ್‌ಚಾರ್ಜ್ ಸಾರಾಂಶ, ಗಾಯದ ಪ್ರಮಾಣಪತ್ರ, ಸ್ಕ್ಯಾನ್, ಪ್ರತಿಯೊಂದು ಔಷಧಿ ಬಿಲ್ಲು ಪಡೆಯಿರಿ. ಗಾಯದ ಪ್ರಮಾಣಪತ್ರವನ್ನು ಪೊಲೀಸರು ‘ವೂಂಡ್ ಸರ್ಟಿಫಿಕೇಟ್’ ಎನ್ನುತ್ತಾರೆ. ಗಾಯ ಸಾಧಾರಣವೋ ತೀವ್ರವೋ ಎಂದು ವೈದ್ಯರು ಬರೆಯುವುದು ಅದರಲ್ಲೇ. ಹೆಸರಿನ ಅಕ್ಷರಗಳು ಆಧಾರ್‌ನಲ್ಲಿ ಇರುವಂತೆಯೇ ಇವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಗಾಯದ ಫೋಟೊಗಳನ್ನು ಮೊದಲ ದಿನ, ವಾರದ ನಂತರ, ಹೊಲಿಗೆ ಬಿಚ್ಚಿದ ಮೇಲೆ ಹೀಗೆ ಬೇರೆ ಬೇರೆ ದಿನ ತೆಗೆದಿಡಿ. ವಾಸಿಯಾದ ಗಾಯ ನೋವನ್ನು ಹೇಳುವುದಿಲ್ಲ.

ಹಂತ 2: ಸಿಡಿದದ್ದನ್ನು ಕಾಪಾಡಿ

ಒಬ್ಬರು ಆಸ್ಪತ್ರೆಯಲ್ಲಿರುವಾಗ ಇನ್ನೊಬ್ಬರು ಮನೆಯಲ್ಲಿ ಈ ಕೆಲಸ ಮಾಡಬೇಕು. ಬೆಳಗಿನ ಕಸ ಗುಡಿಸುವ ಮೊದಲೇ ಮಾಡಬೇಕು.

ಘಟನೆ ನಡೆದ ಜಾಗದ ಫೋಟೊ ನಾಲ್ಕೂ ದಿಕ್ಕಿನಿಂದ ತೆಗೆಯಿರಿ. ಸುಟ್ಟ ಕಲೆಯಿಂದ ಗಾಯಗೊಂಡವರು ನಿಂತಿದ್ದ ಜಾಗಕ್ಕೆ ಟೇಪ್ ಹಿಡಿದು ಅಳತೆ ಬರೆದುಕೊಳ್ಳಿ. ಆಮೇಲೆ ಪಟಾಕಿಯ ಉಳಿಕೆ. ಸರಿಯಾಗಿ ಉರಿದ ಹೂಕುಂಡವನ್ನು ಕೈಗೆತ್ತಿಕೊಂಡು ನೋಡಿ: ಒಳಗೆಲ್ಲ ಕಪ್ಪಾಗಿರುತ್ತದೆ, ತುದಿಯ ತೂತು ಕೊಂಚ ಅಗಲವಾಗಿರುತ್ತದೆ, ಮೈ ಮಾತ್ರ ಇಡಿಯಾಗಿ ಉಳಿದಿರುತ್ತದೆ. ಒಳಗಿನ ಮದ್ದು ತೀರಾ ಬಿಗಿಯಾಗಿದ್ದರೆ ಅಥವಾ ತೂತು ಕಟ್ಟಿಕೊಂಡಿದ್ದರೆ ಅನಿಲಕ್ಕೆ ಹೊರಹೋಗಲು ದಾರಿ ಸಾಲದೆ ಒತ್ತಡ ಏರಿ ಬದಿಯೋ ತಳವೋ ಹರಿಯುತ್ತದೆ. ಅಂಥ ಚಿಪ್ಪಿನ ಕಾಗದ ಹೂವಿನ ದಳದಂತೆ ಹೊರಕ್ಕೆ ಬಿಚ್ಚಿಕೊಂಡಿರುತ್ತದೆ. ಈ ಹರಿದ ಚಿಪ್ಪು ‘ಹಚ್ಚಿದವರ ತಪ್ಪಲ್ಲ, ತಯಾರಿಕೆಯ ದೋಷ’ ಎಂದು ಹೇಳುವ ನಿಮ್ಮ ದೊಡ್ಡ ಸಾಕ್ಷಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ದಿನಾಂಕ ಬರೆದು ಇಬ್ಬರ ಸಹಿ ಮಾಡಿಸಿ.

ಡಬ್ಬಿ ಅದಕ್ಕಿಂತ ಮುಖ್ಯ. ತಯಾರಕರ ಹೆಸರು ವಿಳಾಸ, ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆ, ಬಳಸುವ ವಿಧಾನ, ಎಚ್ಚರಿಕೆಯ ಮಾತು, ಹಸಿರು ಪಟಾಕಿಯಾದರೆ ಅದರ ಲಾಂಛನ ಮತ್ತು ಕ್ಯೂಆರ್ ಕೋಡ್, ಎಲ್ಲ ಮುಖಗಳ ಚಿತ್ರವೂ ಬೇಕು. ಏನೂ ಮುದ್ರಿಸದ ಡಬ್ಬಿಯಾಗಿದ್ದರೆ ಅದೂ ನಿಮಗೆ ಅನುಕೂಲವೇ. ಏಕೆಂದು ಮುಂದೆ ಹೇಳುತ್ತೇನೆ.

ಅದೇ ಡಬ್ಬಿಯಲ್ಲಿ ಹಚ್ಚದೆ ಉಳಿದ ಪಟಾಕಿ ಇದ್ದರೆ ‘ನೋಡೋಣ, ಇದೂ ಸಿಡಿಯುತ್ತದೆಯೇ’ ಎಂದು ಪರೀಕ್ಷಿಸಬೇಡಿ. ಅಡುಗೆಮನೆಯಿಂದ ದೂರ, ಮಕ್ಕಳಿಗೆ ಸಿಗದ ಒಣ ಜಾಗದಲ್ಲಿಟ್ಟು ಪೊಲೀಸರಿಗೆ ಒಪ್ಪಿಸಿ ಮಹಜರಿನಲ್ಲಿ ಬರೆಸಿ. ಪ್ರಯೋಗಾಲಯಕ್ಕೆಂದು ಕೊರಿಯರ್ ಮಾಡುವುದಾಗಲಿ ಬಸ್ಸು ರೈಲಿನಲ್ಲಿ ಒಯ್ಯುವುದಾಗಲಿ ಖಂಡಿತ ಕೂಡದು. ಅದು ಅಪಾಯ, ಅಪರಾಧವೂ ಹೌದು. ಹಚ್ಚಿದರೂ ಸಿಡಿಯದೆ ಉಳಿದದ್ದನ್ನು ಮುಟ್ಟಲೇಬೇಡಿ. ಅದಕ್ಕೆ ಫೋಟೊ ಸಾಕು.

ಬಿಲ್ಲು ಇಲ್ಲ ಎನ್ನುವವರೇ ಹೆಚ್ಚು. ತಾತ್ಕಾಲಿಕ ಮಳಿಗೆಗಳಲ್ಲಿ ಬಿಳಿ ಚೀಟಿಯ ಮೇಲೆ ಲೆಕ್ಕ ಬರೆದು ಕೊಡುತ್ತಾರೆ. ಆ ಚೀಟಿಯೂ ನಡೆಯುತ್ತದೆ, ಯುಪಿಐ ಪಾವತಿಯ ವಿವರವೂ ನಡೆಯುತ್ತದೆ. ಮಳಿಗೆ ಎತ್ತುವ ಮೊದಲು ಅದರ ಫಲಕ ಮತ್ತು ಪರವಾನಗಿ ಸಂಖ್ಯೆಯ ಫೋಟೊ ತೆಗೆಯಿರಿ. ಹಬ್ಬದ ಮೂರನೇ ದಿನಕ್ಕೆ ಆ ಮೈದಾನ ಖಾಲಿಯಾಗಿರುತ್ತದೆ.

ಸಿಸಿಟಿವಿ ದೃಶ್ಯ ಸಾಮಾನ್ಯವಾಗಿ ಎರಡು ವಾರದಿಂದ ಒಂದು ತಿಂಗಳೊಳಗೆ ತಾನಾಗಿ ಅಳಿಯುತ್ತದೆ. ಕ್ಯಾಮೆರಾ ಇರುವ ಮನೆಯವರಿಗೆ, ಅಪಾರ್ಟ್‌ಮೆಂಟ್ ಸಂಘಕ್ಕೆ ಬರವಣಿಗೆಯಲ್ಲಿ ಕೇಳಿ; ವಾಟ್ಸ್ಆ್ಯಪ್ ಸಂದೇಶವೂ ಆದೀತು. ವಿಡಿಯೊ ಸಿಕ್ಕರೆ ಮೂಲ ಕಡತವನ್ನು ಹಾಗೆಯೇ ಇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರಂತೆ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಬೇಕು. ಹತ್ತು ಗುಂಪಿಗೆ ಹೋಗಿ ಬಂದ ವಿಡಿಯೊಗೆ ಆ ಪತ್ರ ಕೊಡುವವರು ಸಿಗುವುದಿಲ್ಲ. ಚಿತ್ರೀಕರಿಸಿದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಹಂತ 3: ಪೊಲೀಸ್ ದೂರು

ಪರಿಹಾರ ಕೇಳಲು ಎಫ್‌ಐಆರ್ ಎಲ್ಲ ಕಡೆ ಕಡ್ಡಾಯವಲ್ಲ. ಆದರೂ ಇನ್ನೊಬ್ಬರ ನಿರ್ಲಕ್ಷ್ಯದಿಂದ ಗಾಯವಾಗಿದ್ದರೆ ಕೊಡಿ. ಮಹಜರು, ಸಾಕ್ಷಿಗಳ ಹೇಳಿಕೆ, ವಸ್ತುವಿನ ಜಪ್ತಿ ಇವನ್ನೆಲ್ಲ ನೀವಾಗಿ ಮಾಡಿಸಲು ಆಗುವುದಿಲ್ಲ. ವಿಮೆಯವರು ಮೊದಲು ಕೇಳುವುದೂ ಇದನ್ನೇ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸ್ಫೋಟಕ ವಸ್ತುವನ್ನು ನಿರ್ಲಕ್ಷ್ಯದಿಂದ ಬಳಸಿದರೆ ಸೆಕ್ಷನ್ 288ರಡಿ ಆರು ತಿಂಗಳವರೆಗೆ ಜೈಲು, 5,000 ರೂ.ವರೆಗೆ ದಂಡ ಅಥವಾ ಎರಡೂ. ಅದರಿಂದ ಗಾಯವಾದರೆ ಸೆಕ್ಷನ್ 125 ಸೇರುತ್ತದೆ. ಗಾಯ ತೀವ್ರವಾಗಿದ್ದರೆ ಮೂರು ವರ್ಷದವರೆಗೆ ಜೈಲು. ಒಂದು ಕಣ್ಣಿನ ದೃಷ್ಟಿ ಅಥವಾ ಒಂದು ಕಿವಿಯ ಶ್ರವಣಶಕ್ತಿ ಶಾಶ್ವತವಾಗಿ ಹೋದರೆ, ಮುಖ ಶಾಶ್ವತವಾಗಿ ವಿಕಾರವಾದರೆ, 15 ದಿನ ತೀವ್ರ ನೋವು ಅನುಭವಿಸಿದರೆ ಅಥವಾ ಅಷ್ಟು ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ಕಾನೂನಿನ ಪ್ರಕಾರ ತೀವ್ರ ಗಾಯ. ಸಾವು ಸಂಭವಿಸಿದರೆ ಸೆಕ್ಷನ್ 106.

ದೂರನ್ನು ಒಂದು ಪುಟದಲ್ಲಿ ಬರೆಯಿರಿ. ಕೋಪ ಬೇಡ, ಕ್ರಮವಾಗಿ ನಡೆದದ್ದು ಬೇಕು. ತಡವಾಗಿದ್ದರೆ ‘ಮಗನನ್ನು ಆಸ್ಪತ್ರೆಗೆ ಸೇರಿಸಿ ಅಲ್ಲೇ ಇದ್ದುದರಿಂದ ತಡವಾಯಿತು’ ಎಂದು ಕಾರಣ ಬರೆಯಿರಿ. ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಠಾಣೆಯಲ್ಲಿ ದಾಖಲಿಸಲು ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ; ಅದಕ್ಕೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ತನಿಖೆಯ ನಂತರ ‘ಬಿ ರಿಪೋರ್ಟ್’ ಹಾಕಿದರೆ, ಅಂದರೆ ಪ್ರಕರಣದಲ್ಲಿ ಹುರುಳಿಲ್ಲವೆಂದು ಮುಚ್ಚಲು ಹೊರಟರೆ, ನೀವು ತಕರಾರು ಅರ್ಜಿ ಸಲ್ಲಿಸಬಹುದು. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ದಾವೆ ಬಿದ್ದುಹೋಗುವುದಿಲ್ಲ, ಅಲ್ಲಿ ಬೇಕಾದ ರುಜುವಾತಿನ ಮಟ್ಟವೇ ಬೇರೆ.

ಹಂತ 4: ಹೊಣೆ ಯಾರ ಮೇಲೆ ನಿಲ್ಲುತ್ತದೆ

ಹಚ್ಚಿದವರಿಂದ ಶುರು ಮಾಡೋಣ. ರಸ್ತೆಯಲ್ಲಿ ಜನ ಓಡಾಡುವಾಗ ರಾಕೆಟ್ಟನ್ನು ಓರೆಯಾಗಿ ನಿಲ್ಲಿಸಿದ್ದು, ಬಾಟಲಿಯಲ್ಲಿಟ್ಟು ಹಚ್ಚಿದ್ದು, ಡಬ್ಬಿ ಮುಚ್ಚಿ ಬಾಂಬ್ ಸಿಡಿಸಿದ್ದು, ಎಚ್ಚರಿಕೆ ಕೂಗದೆ ಹಚ್ಚಿದ್ದು, ಇವೆಲ್ಲ ನಿರ್ಲಕ್ಷ್ಯವೇ. ನಿಯಮ ಮುರಿದಿದ್ದರೆ ನಿಮ್ಮ ವಾದ ಗಟ್ಟಿಯಾಗುತ್ತದೆ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10 ಗಂಟೆ ಎಂದು ಸಮಯ ಗೊತ್ತುಮಾಡಿ, ಸರಪಟಾಕಿ ಮತ್ತು ಆನ್‌ಲೈನ್ ಮಾರಾಟವನ್ನು ನಿಷೇಧಿಸಿತು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ 100 ಮೀಟರ್ ಸುತ್ತ ನಿಶ್ಶಬ್ದ ವಲಯ.

ಹಚ್ಚಿದ್ದು ಮಗುವಾದರೆ? ನಮ್ಮ ಕಾನೂನಿನಲ್ಲಿ ಮಗುವಿನ ತಪ್ಪಿಗೆ ತಂದೆತಾಯಿ ತಾನಾಗಿ ಹೊಣೆಯಾಗುವುದಿಲ್ಲ. ಆದರೆ ಎಂಟು ವರ್ಷದ ಮಗುವಿನ ಕೈಗೆ ಆಟಂಬಾಂಬ್ ಕೊಟ್ಟು ಒಳಗೆ ಹೋಗಿ ಕೂತರೆ ಅದು ಆ ಹಿರಿಯರದೇ ನಿರ್ಲಕ್ಷ್ಯ. ದೂರಿನಲ್ಲಿ ಮಗುವಿನ ಹೆಸರಿಗಿಂತ, ಪಟಾಕಿ ಕೊಟ್ಟವರು ಯಾರು, ಹತ್ತಿರ ದೊಡ್ಡವರು ಇದ್ದರೇ ಎಂಬುದನ್ನು ಬರೆಯಿರಿ.

ಪಟಾಕಿಯೇ ದೋಷದ್ದಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಳಕೆಗೆ ಬರುತ್ತದೆ. ಅದರ ಸೆಕ್ಷನ್ 82ರಿಂದ 87 ‘ಉತ್ಪನ್ನ ಹೊಣೆ’ಯವು, ಅಂದರೆ ದೋಷವಿರುವ ಸರಕಿನಿಂದ ಹಾನಿಯಾದರೆ ತಯಾರಕರೂ ಮಾರಾಟಗಾರರೂ ಪರಿಹಾರ ಕೊಡಬೇಕಾದ ಹೊಣೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಸರಿಯಾದ ಸೂಚನೆ ಎಚ್ಚರಿಕೆ ಇಲ್ಲದಿರುವುದು ಇವುಗಳಿಗೆ ತಯಾರಕರು ಹೊಣೆ. ಅಂಗಡಿಯವರು ‘ನಾನು ಬರೀ ಮಾರಿದ್ದು’ ಎನ್ನುತ್ತಾರೆ. ಆದರೆ ತಯಾರಕರು ಯಾರೆಂದು ಗೊತ್ತಾಗದಿದ್ದರೆ ಅಥವಾ ಅವರಿಗೆ ನೋಟಿಸ್ ತಲುಪಿಸಲು ಆಗದಿದ್ದರೆ ಸೆಕ್ಷನ್ 86ರಂತೆ ಮಾರಾಟಗಾರರೇ ಉತ್ತರ ಹೇಳಬೇಕು. ಹೆಸರಿಲ್ಲದ ಡಬ್ಬಿಯನ್ನು ಎಸೆಯಬೇಡಿ ಎಂದದ್ದು ಇದಕ್ಕೇ.

ಎದುರಿನವರ ವಾದಗಳನ್ನೂ ಮೊದಲೇ ತಿಳಿದಿರಿ. ಸೆಕ್ಷನ್ 87ರ ಪ್ರಕಾರ ಸರಕನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ, ಮದ್ಯ ಕುಡಿದು ಬಳಸಿದ್ದರೆ ಹೊಣೆ ಜಾರುತ್ತದೆ. ಎಲ್ಲರಿಗೂ ಗೊತ್ತಿರುವ ಅಪಾಯಕ್ಕೆ ಎಚ್ಚರಿಕೆ ಕೊಡಲಿಲ್ಲ ಎಂದೂ ದೂರುವಂತಿಲ್ಲ. ಆದ್ದರಿಂದ ‘ಬೆಂಕಿ ತಗುಲಿ ಸುಟ್ಟಿತು’ ಎಂಬ ದೂರು ನಿಲ್ಲುವುದಿಲ್ಲ. ‘ಬತ್ತಿ ಹಚ್ಚಿ ಹಿಂದೆ ಸರಿಯುವ ಮೊದಲೇ, ಚಿಮ್ಮಬೇಕಾದ ಹೂಕುಂಡ ತಳ ಒಡೆದು ಸಿಡಿಯಿತು’ ಎಂಬುದು ನಿಲ್ಲುತ್ತದೆ.

ಮಳಿಗೆಗೇ ಬೆಂಕಿ ಬಿದ್ದರೆ 2008ರ ಸ್ಫೋಟಕ ನಿಯಮಗಳನ್ನು ನೋಡಬೇಕು. ತಾತ್ಕಾಲಿಕ ಮಳಿಗೆಗಳು ಬೆಂಕಿ ಹಿಡಿಯದ ವಸ್ತುವಿನಿಂದ ಕಟ್ಟಿರಬೇಕು, ಒಂದಕ್ಕೊಂದು ಕನಿಷ್ಠ 3 ಮೀಟರ್ ಅಂತರವಿರಬೇಕು, ಎದುರುಬದುರು ಇರಬಾರದು, ಒಂದು ಗುಂಪಿನಲ್ಲಿ 50ಕ್ಕಿಂತ ಹೆಚ್ಚು ಇರಬಾರದು, 50 ಮೀಟರ್ ಒಳಗೆ ಪಟಾಕಿ ಹಚ್ಚಬಾರದು. ಪರವಾನಗಿಯಲ್ಲಿ ಎಷ್ಟು ದಾಸ್ತಾನಿಗೆ ಅನುಮತಿ ಇತ್ತು, ಸ್ಥಳ ಪರಿಶೀಲನೆ ಯಾರು ಮಾಡಿದರು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ.

ಜಾತ್ರೆ, ಮೆರವಣಿಗೆ, ಮದುವೆಗಳಲ್ಲಿ ಏರ್ಪಡಿಸಿದವರು, ಮದ್ದು ಸುಡುವ ಗುತ್ತಿಗೆ ಪಡೆದವರು ಇಬ್ಬರನ್ನೂ ಸೇರಿಸಿ. ಇಷ್ಟು ಅಪಾಯದ ಕೆಲಸವನ್ನು ‘ಗುತ್ತಿಗೆ ಕೊಟ್ಟೆವು’ ಎಂದು ಕೈ ತೊಳೆದುಕೊಳ್ಳಲಾಗದು. ಕೇರಳದ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಏಪ್ರಿಲ್ 10ರಂದು ನೂರಕ್ಕೂ ಹೆಚ್ಚು ಜನ ಸತ್ತ ಪ್ರದರ್ಶನಕ್ಕೆ ಜಿಲ್ಲಾಡಳಿತ ಅನುಮತಿ ನಿರಾಕರಿಸಿತ್ತು. ಅನುಮತಿ ಪತ್ರ ಇತ್ತೇ, ಅದರ ಷರತ್ತುಗಳೇನು ಎಂಬುದೇ ಇಂಥ ಪ್ರಕರಣಗಳ ಬೆನ್ನೆಲುಬು. ಅನುಮತಿ ಕೊಟ್ಟ ಇಲಾಖೆಯ ಲೋಪವೂ ಇದ್ದರೆ ಸರ್ಕಾರವನ್ನೂ ಪಕ್ಷಗಾರನನ್ನಾಗಿ ಮಾಡಬಹುದು. ಆದರೆ ಸಿವಿಲ್ ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 80ರಂತೆ ಎರಡು ತಿಂಗಳ ನೋಟಿಸ್ ಕೊಡಬೇಕು.

ಗಾಯಗೊಂಡವರದ್ದೂ ಪಾಲು ತಪ್ಪಿದ್ದರೆ ನ್ಯಾಯಾಲಯ ಆ ಪಾಲನ್ನು ಕಳೆದು ಉಳಿದದ್ದನ್ನು ಕೊಡಿಸುತ್ತದೆ. ‘ಸ್ವಲ್ಪ ನಮ್ಮದೂ ತಪ್ಪಿತ್ತು’ ಎಂದು ಪೂರ್ತಿ ಬಿಟ್ಟುಕೊಡಬೇಕಿಲ್ಲ.

ಹಂತ 5: ಯಾವ ಬಾಗಿಲು ತಟ್ಟಬೇಕು

1. ಜಿಲ್ಲಾ ಗ್ರಾಹಕರ ಆಯೋಗ. ಪಟಾಕಿ ಕೊಂಡವರಿಗೆ, ಕೊಂಡವರ ಒಪ್ಪಿಗೆಯಿಂದ ಬಳಸಿದ ಮನೆಯವರಿಗೆ. ವ್ಯಾಪ್ತಿ ನಿರ್ಧಾರವಾಗುವುದು ನೀವು ಕೇಳುವ ಪರಿಹಾರದಿಂದಲ್ಲ, ಸರಕಿಗೆ ಕೊಟ್ಟ ಬೆಲೆಯಿಂದ. ಆ ಬೆಲೆ 50 ಲಕ್ಷ ರೂ. ಒಳಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 800 ರೂಪಾಯಿಯ ಡಬ್ಬಿಯಿಂದ ಕಣ್ಣು ಹೋಗಿ 15 ಲಕ್ಷ ಕೇಳುವವರೂ ಶುಲ್ಕವಿಲ್ಲದೆ ಇಲ್ಲಿಗೇ ಬರಬಹುದು. ತಯಾರಕರು ಶಿವಕಾಶಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಿ. ಇ-ಜಾಗೃತಿ ಜಾಲತಾಣದಿಂದಲೂ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ, ಮಾಹಿತಿಗೆ 1915ಕ್ಕೆ ಕರೆ ಮಾಡಿ. ಗಡುವು ಎರಡು ವರ್ಷ. ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವಂತೆ ದೂರಿನ ಜೊತೆಗೇ ಅರ್ಜಿ ಹಾಕಿ.

2. ಸಿವಿಲ್ ನ್ಯಾಯಾಲಯ. ದಾರಿಹೋಕರು, ನೆರೆಯವರ ಪಟಾಕಿಯಿಂದ ಗಾಯಗೊಂಡವರು ‘ಗ್ರಾಹಕ’ರಲ್ಲ, ಗ್ರಾಹಕರ ಆಯೋಗಕ್ಕೆ ಹೋದರೆ ವರ್ಷ ಕಳೆದ ಮೇಲೆ ದೂರು ವಾಪಸ್ ಬರುತ್ತದೆ. ಅವರಿಗೆ ಪರಿಹಾರದ ದಾವೆಯೇ ದಾರಿ. ಸಾಮಾನ್ಯವಾಗಿ ಗಡುವು ಮೂರು ವರ್ಷ. ಸಾವಿನ ಪ್ರಕರಣದಲ್ಲಿ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳಿಗಾಗಿ ದಾವೆ ಹೂಡಲು ಎರಡೇ ವರ್ಷ. ಗಾಯಗೊಂಡವರು ಅಪ್ರಾಪ್ತರಾಗಿದ್ದರೆ 18 ತುಂಬಿದ ಮೇಲೆ ಗಡುವಿನ ಲೆಕ್ಕ ಶುರುವಾಗುತ್ತದೆ. ಆದರೆ ಅಲ್ಲಿಯವರೆಗೆ ಕಾಯಬೇಡಿ, ಸಾಕ್ಷಿಗಳು ಕಾಯುವುದಿಲ್ಲ. ನ್ಯಾಯಾಲಯ ಶುಲ್ಕ ಕಟ್ಟಲಾಗದವರು ನಿರ್ಗತಿಕರ ದಾವೆಯಾಗಿ ಹೂಡಲು ಅನುಮತಿ ಕೇಳಬಹುದು.

3. ಕೆಲಸಗಾರರಿಗೆ ಬೇರೆ ದಾರಿ. ಗೋದಾಮು, ಮಳಿಗೆ, ಕಾರ್ಖಾನೆಯಲ್ಲಿ ದುಡಿಯುವಾಗ ಗಾಯವಾದರೆ ಮಾಲೀಕರ ತಪ್ಪನ್ನು ಸಾಬೀತು ಮಾಡಬೇಕಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ಲೆಕ್ಕದ ಸೂತ್ರ ಹಿಂದಿನದೇ. ಸಾವಾದರೆ ತಿಂಗಳ ಕೂಲಿಯ ಶೇ 50ನ್ನು, ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಶೇ 60ನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸುತ್ತಾರೆ. 30 ವರ್ಷಕ್ಕೆ ಆ ಅಂಶ 207.98. ಕೂಲಿ 15,000 ರೂ. ಆಗಿದ್ದರೆ ಸಾವಿಗೆ 15,59,850 ರೂ., ಪೂರ್ಣ ಅಂಗವೈಕಲ್ಯಕ್ಕೆ 18,71,820 ರೂ. ಗಡುವು ಎರಡು ವರ್ಷ. ಇಎಸ್‌ಐ ವ್ಯಾಪ್ತಿಯಲ್ಲಿದ್ದವರಿಗೆ ಇದರ ಬದಲು ಇಎಸ್‌ಐ ಸೌಲಭ್ಯ ಸಿಗುತ್ತದೆ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಸುಟ್ಟುಹೋದವರಲ್ಲಿ ಹಬ್ಬದ ಕೆಲಸಕ್ಕೆ ಬಂದಿದ್ದ ಯುವಕರಿದ್ದರು. ಹತ್ತು ದಿನದ ಕೆಲಸಕ್ಕೆ ಬಂದವರೂ ಕೆಲಸಗಾರರೇ. ಹಾಜರಿ ಪುಸ್ತಕ ಇಲ್ಲದಿದ್ದರೆ ಕೂಲಿ ಬಂದ ಯುಪಿಐ ವಿವರ, ಮಾಲೀಕರ ಕರೆ, ಸಂದೇಶಗಳನ್ನು ಉಳಿಸಿಕೊಳ್ಳಿ.

4. ದೊಡ್ಡ ದುರಂತಗಳಲ್ಲಿ ಎರಡು ದಾರಿ ಇವೆ. ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಅಪಾಯಕಾರಿ ವಸ್ತು ಇಟ್ಟವರು 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆಯಂತೆ ವಿಮೆ ಮಾಡಿಸಿರಬೇಕು. ಹೊರಗಿನ ಸಂತ್ರಸ್ತರು ಐದು ವರ್ಷದೊಳಗೆ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟರೆ, ಯಾರ ತಪ್ಪೆಂದು ಸಾಬೀತು ಮಾಡದೆಯೇ ತಕ್ಷಣದ ನೆರವು ಸಿಗುತ್ತದೆ. ಇದು ಸಣ್ಣ ಮೊತ್ತ. ಇದನ್ನು ಪಡೆದ ಮೇಲೂ ಪೂರ್ಣ ಪರಿಹಾರ ಕೇಳಬಹುದು. ಅದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗುವ ದಾರಿ ಇದೆ. ಅಪಾಯಕಾರಿ ಉದ್ಯಮ ನಡೆಸುವವರು ಯಾವ ನೆಪವನ್ನೂ ಹೇಳದೆ ಪೂರ್ಣ ಹೊಣೆ ಹೊರಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1986ರಲ್ಲಿ ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲೇ ಹೇಳಿದೆ.

ಇದೆಲ್ಲದರ ಪಕ್ಕದಲ್ಲಿ ಬಹಳ ಮಂದಿ ಮರೆಯುವುದು ತಮ್ಮದೇ ವಿಮೆಯನ್ನು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂ. ಕಡಿತವಾಗಿದ್ದರೆ ನೀವು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿದ್ದೀರಿ. ಅಪಘಾತದಲ್ಲಿ ಸಾವಾದರೆ ಅಥವಾ ಎರಡೂ ಕಣ್ಣು ಪೂರ್ತಿ ಹೋದರೆ 2 ಲಕ್ಷ, ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋದರೆ 1 ಲಕ್ಷ ರೂ. ಇದು 18ರಿಂದ 70 ವರ್ಷದವರಿಗೆ. 30 ದಿನದೊಳಗೆ ಬ್ಯಾಂಕಿಗೆ ಅರ್ಜಿ ಕೊಡಿ. ಬರೀ ಸುಟ್ಟ ಗಾಯಕ್ಕೆ ಇದರಲ್ಲಿ ಹಣವಿಲ್ಲ.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಅಪರಾಧ ನಡೆದೂ ತಪ್ಪಿತಸ್ಥರು ಪತ್ತೆಯಾಗದಿದ್ದರೆ ಸಂತ್ರಸ್ತರ ಪರಿಹಾರ ಯೋಜನೆಯ ಅರ್ಜಿಯನ್ನೂ ಅಲ್ಲೇ ಕೊಡಬೇಕು.

ಹಂತ 6: ಎಷ್ಟು ಕೇಳಬೇಕು

‘ಹತ್ತು ಲಕ್ಷ ಕೊಡಿಸಿ’ ಎಂದು ಅಂದಾಜಿಗೆ ಬರೆದರೆ ಆಯೋಗವೂ ಅಂದಾಜಿಗೆ ಕೊಡುತ್ತದೆ. ಬಾಬ್ತುಗಳನ್ನು ಬಿಡಿಬಿಡಿಯಾಗಿ ಬರೆಯಿರಿ: ಈವರೆಗಿನ ಚಿಕಿತ್ಸೆ, ಮುಂದಿನ ಶಸ್ತ್ರಚಿಕಿತ್ಸೆ, ಓಡಾಟ, ನೋಡಿಕೊಂಡವರ ಕೂಲಿ ನಷ್ಟ, ರಜೆಯ ದಿನಗಳ ಸಂಬಳ, ನೋವು, ಮುಖ ವಿಕಾರವಾದದ್ದು, ಮುಂದಿನ ಗಳಿಕೆಯ ನಷ್ಟ.

ಕೊನೆಯದೇ ದೊಡ್ಡದು. ವಾಹನ ಅಪಘಾತದ ಪ್ರಕರಣಗಳಿಗೆಂದು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮ ತೀರ್ಪಿನಲ್ಲಿ ಗೊತ್ತುಮಾಡಿದ ಗುಣಕವನ್ನೇ ಇಲ್ಲಿಯೂ ಆಧಾರವಾಗಿ ಮುಂದಿಡಬಹುದು. 31ರಿಂದ 35 ವರ್ಷದವರಿಗೆ ಗುಣಕ 16. ತಿಂಗಳಿಗೆ 18,000 ರೂ. ದುಡಿಯುವ 32 ವರ್ಷದ ಚಾಲಕರ ಗಳಿಕೆಯ ಸಾಮರ್ಥ್ಯ ಶೇ 40ರಷ್ಟು ಕುಗ್ಗಿತು ಎನ್ನಿ. 18,000ವನ್ನು 12ರಿಂದ, ಆಮೇಲೆ 16ರಿಂದ ಗುಣಿಸಿ ಅದರ ಶೇ 40 ತೆಗೆದರೆ 13,82,400 ರೂ.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸರ್ಕಾರಿ ಮಾನದಂಡದಲ್ಲಿ ಅಂಗವೈಕಲ್ಯ ಶೇ 30. ಪ್ರಮಾಣಪತ್ರದ ಆ ಅಂಕಿಯನ್ನೇ ಗಳಿಕೆಯ ನಷ್ಟವೆಂದು ಒಪ್ಪಿಕೊಳ್ಳಬೇಡಿ. ದೇಹದ ಅಂಗವೈಕಲ್ಯ ಬೇರೆ, ದುಡಿಮೆಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟ್‌ನ 2010ರ ರಾಜ್ ಕುಮಾರ್ ತೀರ್ಪು ಬಿಡಿಸಿ ಹೇಳಿದೆ. ಗುಮಾಸ್ತರಿಗೆ ಒಂದು ಕಣ್ಣು ಹೋದರೂ ಕೆಲಸ ಉಳಿಯಬಹುದು. ಲಾರಿ ಚಾಲಕರಿಗೆ, ಸೂಕ್ಷ್ಮ ಕೆಲಸದ ಅಕ್ಕಸಾಲಿಗರಿಗೆ ಉಳಿಯುವುದಿಲ್ಲ. ನಿಮ್ಮ ಕೆಲಸಕ್ಕೆ ಆ ಅಂಗ ಎಷ್ಟು ಬೇಕು ಎಂಬುದನ್ನು ವೈದ್ಯರ ಹೇಳಿಕೆಯಿಂದಲೂ ಕೆಲಸ ಕೊಟ್ಟವರ ಪತ್ರದಿಂದಲೂ ತೋರಿಸಿ.

ಹಂತ 7: ರಾಜಿಯ ಮಾತು ಬಂದಾಗ

ಬರುತ್ತದೆ, ಹೆಚ್ಚಾಗಿ ಆಸ್ಪತ್ರೆಯ ವರಾಂಡದಲ್ಲೇ. ‘ಆಸ್ಪತ್ರೆ ಖರ್ಚು ನಾವು ನೋಡಿಕೊಳ್ಳುತ್ತೇವೆ, ಕೇಸು ಬೇಡ’ ಎನ್ನುತ್ತಾರೆ. ರಾಜಿ ತಪ್ಪಲ್ಲ, ಪಕ್ಕದ ಮನೆಯವರ ಜೊತೆ ಇಪ್ಪತ್ತು ವರ್ಷ ಬಾಳಬೇಕು. ಆದರೆ ಕಣ್ಣಿನ, ಕಿವಿಯ, ಆಳದ ಸುಟ್ಟ ಗಾಯಗಳ ನಿಜವಾದ ನಷ್ಟ ಮೊದಲ ವಾರ ತಿಳಿಯುವುದಿಲ್ಲ. ಪೆಟ್ಟು ಬಿದ್ದ ಕಣ್ಣಿಗೆ ತಿಂಗಳುಗಳ ನಂತರ ಪೊರೆ ಬರಬಹುದು, ಒತ್ತಡ ಏರಬಹುದು. ಸುಟ್ಟ ಚರ್ಮ ಬಿಗಿದು ಬೆರಳು ಮಡಚಿಕೊಳ್ಳಬಹುದು. ಚಿಕಿತ್ಸೆಯ ಹಣ ಪಡೆದರೆ ರಸೀದಿಯಲ್ಲಿ ‘ಚಿಕಿತ್ಸೆಯ ಭಾಗಶಃ ವೆಚ್ಚಕ್ಕಾಗಿ, ಉಳಿದ ಹಕ್ಕುಗಳನ್ನು ಉಳಿಸಿಕೊಂಡು’ ಎಂದು ಬರೆಯಿರಿ. ‘ಪೂರ್ಣ ಮತ್ತು ಅಂತಿಮ’ ಎಂಬ ಪದಗಳಿರುವ ಕಾಗದಕ್ಕೆ, ಖಾಲಿ ಹಾಳೆಗೆ, ‘ಯಾರ ಮೇಲೂ ಅನುಮಾನವಿಲ್ಲ’ ಎಂಬ ಹೇಳಿಕೆಗೆ ಆ ಹೊತ್ತಿನಲ್ಲಿ ಸಹಿ ಬೇಡ. ವೈದ್ಯರು ಗಾಯ ಸ್ಥಿರವಾಯಿತು ಎಂದ ಮೇಲೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ನ್ಯಾಯಾಲಯದ ಡಿಕ್ರಿಯ ಬೆಲೆ ಇರುತ್ತದೆ.

ಸರ್ಕಾರ ಘೋಷಿಸುವ ಲಕ್ಷಗಳ ನೆರವು ಪರಿಹಾರದ ಬದಲಲ್ಲ. ಅದನ್ನು ಪಡೆದರೂ ಮಾಲೀಕರ, ತಯಾರಕರ ಮೇಲಿನ ನಿಮ್ಮ ಹಕ್ಕು ಹಾಗೇ ಇರುತ್ತದೆ.

ಹಂತ 8: ಆದೇಶ ಬಂದರೂ ಹಣ ಬರದಿದ್ದರೆ

ಗ್ರಾಹಕರ ಆಯೋಗದ ಆದೇಶದ ವಿರುದ್ಧ ಎದುರು ಪಕ್ಷ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಹೋಗಬಹುದು, ಆದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಗೂ ಹೋಗದೆ ಹಣವನ್ನೂ ಕೊಡದೆ ಕೂತರೆ ಅದೇ ಆಯೋಗದಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿ ಎಂಬ ಅರ್ಜಿ ಹಾಕಿ. ಸೆಕ್ಷನ್ 72ರಂತೆ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ ಆಗಬಹುದು. ಅರ್ಜಿಯ ಜೊತೆ ಎದುರು ಪಕ್ಷದ ಅಂಗಡಿ, ಬ್ಯಾಂಕ್ ಖಾತೆ, ಆಸ್ತಿಯ ವಿವರ ಗೊತ್ತಿದ್ದಷ್ಟು ಕೊಡಿ. ಜಪ್ತಿಗೆ ಆಯೋಗಕ್ಕೆ ಅದೇ ಬೇಕು. ಪರಿಹಾರ ಮಗುವಿಗೆ ಬಂದದ್ದಾದರೆ ಸಾಮಾನ್ಯವಾಗಿ 18 ತುಂಬುವವರೆಗೆ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಿಸುತ್ತಾರೆ. ನಡುವೆ ಶಸ್ತ್ರಚಿಕಿತ್ಸೆಗೆ ಬೇಕಾದರೆ ವೈದ್ಯರ ಅಂದಾಜುಪಟ್ಟಿ ಸೇರಿಸಿ ಬಿಡುಗಡೆಗೆ ಅರ್ಜಿ ಕೊಡಿ.